ದಿನಕ್ಕೆ ಆರು ಮನೆ

ಮುದ್ದಯ್ಯನಕೊಪ್ಪಲಿನ ಚಲುವಮ್ಮನಿಗೆ ಭಾಷಣ ಮಾಡಲು ಬರುವುದಿಲ್ಲ. ಮೈಕು ಕೈಗೆ ಕೊಟ್ಟರೆ ಅದನ್ನು ಎರಡು ಬೆರಳಲ್ಲಿ ಹಿಡಿದು, "ಎಲ್ಲಾರ್ಗೂ ನಮಸ್ಕಾರ, ಇನ್ನೇನೂ ಇಲ್ಲ" ಎಂದು ವಾಪಸ್ಸು ಕೊಟ್ಟುಬಿಡುತ್ತಾಳೆ. ಆದರೂ ಪಾಂಡವಪುರ ತಾಲ್ಲೂಕಿನ ಆ ಸುತ್ತಿನಲ್ಲಿ ನರಿಕಲ್ಲು ಗುಡ್ಡದ ಹೋರಾಟ ಎಂದರೆ ಜನ ಮೊದಲು ಹೇಳುವುದು ಅವಳ ಹೆಸರನ್ನೇ. ಅವಳಿಗೆ ಅದರಿಂದ ಸಂತೋಷವೂ ಇಲ್ಲ, ಸಂಕಟವೂ ಇಲ್ಲ. ಬೇರೆ ಯಾರನ್ನೋ ಕರೆದರೇನೋ ಎನ್ನುವ ಹಾಗೆ ಕೇಳಿಸಿಕೊಂಡು ಸುಮ್ಮನಾಗುತ್ತಾಳೆ.

ಅವಳ ಕೆಲಸ ಊರ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವುದು. ಹದಿನಾರು ವರ್ಷದಿಂದ ಅದೇ ಕೆಲಸ. ಬೆಳಿಗ್ಗೆ ಆರಕ್ಕೆ ಒಂದು ಸಲ, ಸಂಜೆ ಐದಕ್ಕೆ ಒಂದು ಸಲ ಬಾಗಿಲು ತೆಗೆಯುತ್ತಾಳೆ. ಜನ ಕ್ಯಾನು, ಬಿಂದಿಗೆ, ಬಕೆಟ್ಟು ಹಿಡಿದು ಸಾಲು ನಿಲ್ಲುತ್ತಾರೆ. ಅವಳು ಪ್ರತಿಯೊಬ್ಬರ ಹಾಲಿನಿಂದ ಒಂದಿಷ್ಟು ಸ್ಯಾಂಪಲ್ ತೆಗೆದು ಮಿಷನ್ನಿಗೆ ಹಿಡಿದು, ಬಂದ ಡಿಗ್ರಿಯನ್ನು ಅವರ ಡೈರಿ ನಂಬರಿನ ಮುಂದೆ ಬರೆಯುತ್ತಾಳೆ. ಯಾರ ಹಸುವಿಗೆ ಜ್ವರ, ಯಾರು ಹಿಂಡಿ ಕಮ್ಮಿ ಮಾಡಿದ್ದಾರೆ, ಯಾರ ಮನೆಯಲ್ಲಿ ರಾತ್ರಿ ಜಗಳವಾಗಿ ಹಾಲು ಕರೆಯುವುದು ತಡವಾಯಿತು, ಎಲ್ಲವೂ ಅವಳಿಗೆ ಆ ಸಾಲಿನಲ್ಲೇ ತಿಳಿದುಹೋಗುತ್ತಿತ್ತು. ಹಾಲು ಒಡೆಯುವಂತಿದ್ದರೆ ಮಿಷನ್ನಿಗೆ ಮುಂಚೆ ಅವಳ ಮೂಗು ಹೇಳುತ್ತಿತ್ತು.

ಊರ ಹಿಂದಿನ ನರಿಕಲ್ಲು ಗುಡ್ಡದಲ್ಲಿ ಹಿಂದೆ ವಡ್ಡರು ಉಳಿ ಸುತ್ತಿಗೆಯಲ್ಲಿ ಚಪ್ಪಡಿ ಎಬ್ಬಿಸುತ್ತಿದ್ದರು. ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ಆಮೇಲೆ ಹೊರಗಿನವರೊಬ್ಬರು ಬಂದು ಜಲ್ಲಿ ಕ್ರಷರ್ ಹಾಕಿದರು. ಮಧ್ಯಾಹ್ನವಾದರೆ ಮದ್ದು ಸಿಡಿಸುವರು. ಗೋಡೆ ಬಿರುಕು ಬಿಟ್ಟವು. ರಾಗಿ ಗರಿಯ ಮೇಲೆ ಬಿಳಿ ದೂಳು ಕೂತು, ಮೇವು ತಿಂದ ಹಸುಗಳು ಕೆಮ್ಮತೊಡಗಿದವು. ಎರಡು ಬೋರ್‌ವೆಲ್ ನಿಂತೇಹೋದವು. ಊರಿನ ನೀರಿನ ಟ್ಯಾಂಕು ಸೀಳಿ ಒಂದು ಕಡೆ ಸದಾ ಜಿನುಗುತ್ತಿತ್ತು. ಚಲುವಮ್ಮನ ಗಂಡ ಜವರಯ್ಯ ಪಂಚಾಯ್ತಿಯ ನೀರು ಬಿಡುವ ನೀರುಗಂಟಿ. ಅವನು ದಿನಾ ಆ ಸೀಳಿಗೆ ಸಿಮೆಂಟು ಮೆತ್ತುವನು, ಮದ್ದು ಸಿಡಿದಾಗ ಅದು ಮತ್ತೆ ಬಿಚ್ಚಿಕೊಳ್ಳುವುದು.

ಹೋರಾಟ ಶುರು ಮಾಡಿದವನು ತಮ್ಮಯ್ಯ. ಅರವತ್ತು ದಾಟಿದ ಮನುಷ್ಯ, ಹೆಗಲಿಗೆ ಹಸಿರು ಟವೆಲ್ಲು, ಚಿಕ್ಕಂದಿನಿಂದ ರೈತ ಚಳವಳಿಯಲ್ಲಿ ಓಡಾಡಿದವನು. ಮೊದಲ ಸಲ ರಸ್ತೆ ತಡೆ ಮಾಡಿದಾಗ ಎಂಟುನೂರು ಜನ ಸೇರಿದರು. ಅಧಿಕಾರಿಗಳು ಬಂದು ಮನವಿ ತೆಗೆದುಕೊಂಡು ಪರಿಶೀಲಿಸುತ್ತೇವೆ ಎಂದರು, ಜನ ಎದ್ದು ಮನೆಗೆ ಹೋದರು. ಎರಡನೆಯ ಸಲ ಮುನ್ನೂರು. ನಾಲ್ಕನೆಯ ಸಲ ಬಂದವರು ಮೂವತ್ತೊಂದು. ಆ ಸಂಜೆ ತಮ್ಮಯ್ಯ ಡೈರಿಯ ಜಗಲಿ ಮೇಲೆ ಬಂದು ಕುಳಿತ.

"ಜನಕ್ಕೆ ಸ್ವಾಭಿಮಾನ ಸತ್ತೋಗದೆ ಕನ ಚಲುವವ್ವ," ಎಂದ.

"ಸ್ವಾಭಿಮಾನ ಎಲ್ಲಣ್ಣ ಸತ್ತೋಗದೆ? ಕಬ್ಬು ಕಡಿಯೋ ಕಾಲ. ಕೂಲಿ ಬುಟ್ಟು ಎಷ್ಟ್ ದಿನ ಅಂತ ಬತ್ತಾರೆ?"

"ಮತ್ತೆ ಏನ್ ಮಾಡಾನ, ನೀನೇ ಏಳು."

ಚಲುವಮ್ಮ ಸ್ಯಾಂಪಲ್ ಬಾಟಲಿ ತೊಳೆಯುತ್ತಿದ್ದಳು. "ಎರಡೊತ್ತೂ ಇಲ್ಗೆ ಬತ್ತಾರಲ್ಲ, ಮಳೆ ಬಂದ್ರೂ ಬತ್ತಾರೆ. ಯಾಕೆ? ಅವ್ರವ್ರ ನಂಬರ್ ಅದೆ. ಅವ್ರ ಆಲು ಅವ್ರೇ ಉಯ್ಬೇಕು. ನೀವು ಎಲ್ಲಾರ್ನೂ ಬನ್ನಿ ಅಂತೀರ. ಎಲ್ಲಾರ್ನೂ ಅಂದ್ರೆ ಯಾರ್ನೂ ಕರ್ದಂಗಲ್ಲ."

ಡೈರಿಯಲ್ಲಿದ್ದದ್ದು ನೂರ ಅರವತ್ತೆಂಟು ನಂಬರು. ದಿನಕ್ಕೆ ಆರು ಮನೆ ಎಂದರೆ ಇಪ್ಪತ್ತೆಂಟು ದಿನಕ್ಕೆ ಒಂದು ಸುತ್ತು. ಒಂದು ಮನೆಗೆ ತಿಂಗಳಿಗೆ ಒಂದೇ ದಿನ. ಆ ದಿನ ಆ ಮನೆಯಿಂದ ಒಬ್ಬರು, ಜಲ್ಲಿ ಟಿಪ್ಪರ್ ಓಡಾಡುವ ದಾರಿ ಮೇನ್ ರೋಡಿಗೆ ಸೇರುವಲ್ಲಿ ಬೆಳಿಗ್ಗೆ ಡೈರಿ ಮುಗಿದ ಮೇಲೆ ಹೋಗಿ, ಸಂಜೆ ಡೈರಿ ಹೊತ್ತಿನವರೆಗೆ ದಾರಿಗೆ ಅಡ್ಡ ಕೂರಬೇಕು. ಅಷ್ಟೇ ಅವಳ ಯೋಚನೆ.

"ಪೊಲೀಸ್ನೋರು ಆರ್ ಜನುನ್ನೂ ಎತ್ತಾಕೊಂಡ್ ಓದ್ರೆ?" ಎಂದು ತಮ್ಮಯ್ಯ ಕೇಳಿದ.

"ನಾಳೀಕೆ ಇನ್ನಾರು ಜನ ಬತ್ತಾರೆ."

ತಮ್ಮಯ್ಯ ಬೆರಳು ಮಡಚಿ ಲೆಕ್ಕ ಹಾಕಿದ. ಆಮೇಲೆ ಟವೆಲ್ಲು ಕೊಡವಿಕೊಂಡು ಎದ್ದ. ಮನೆಯಲ್ಲಿ ಜವರಯ್ಯ ಮಾತ್ರ ನಕ್ಕುಬಿಟ್ಟ. "ಆರ್ ಜನ ಕೂತ್ಕಂಡು ಗುಡ್ಡ ಉಳಿಸ್ತಾರಂತೆ! ಆರ್ ಜನ ಸೇರುದ್ರೆ ನಮ್ಮೂರಲ್ಲಿ ಒಂದ್ ಎಮ್ಮೆ ಎಬ್ಸಕಾಗಲ್ಲ," ಎಂದ. ಆದರೂ ಟಿಪ್ಪರ್ ದಾರಿಯಲ್ಲಿ ಚಪ್ಪರ ಹಾಕಲು ನಾಲ್ಕು ಗಳ ಹೊತ್ತುಕೊಂಡು ಹೋದವನು ಅವನೇ.

ಹಳೇ ಕ್ಯಾಲೆಂಡರಿನ ಹಿಂದೆ ನಂಬರುಗಳನ್ನು ಬರೆದು ಡೈರಿ ಗೋಡೆಗೆ ತೂಗುಹಾಕಿದಳು. ಕೆಳಗೆ ಮೂರು ಮಾತು: ಗಾಡಿ ಮುಟ್ಟಬಾರದು. ಡ್ರೈವರನ್ನು ಬಯ್ಯಬಾರದು. ಯಾವ ಪಾರ್ಟಿಯವರು ತಂದ ಊಟವನ್ನೂ ತಿನ್ನಬಾರದು. ಮೊದಲ ವಾರ ಪೊಲೀಸರು ದಿನಾ ಆರು ಜನರನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋಗಿ ಸಂಜೆ ಬಿಟ್ಟರು. ಮರುದಿನ ಬೇರೆ ಆರು ಜನ. ಮೂರನೆಯ ವಾರಕ್ಕೆ ಜೀಪು ಬರುವುದು ನಿಂತಿತು. ಹಗಲು ಟಿಪ್ಪರುಗಳು ನಿಂತವು. ಕತ್ತಲಾದ ಮೇಲೆ ಹತ್ತಿಪ್ಪತ್ತು ಲೋಡು ಹೋಗುತ್ತಿದ್ದವು, ಅವುಗಳ ನಂಬರು ಬರೆದು ತಮ್ಮಯ್ಯ ಕಚೇರಿಗಳಿಗೆ ಕಳಿಸುತ್ತಿದ್ದ.

ಸುದ್ದಿ ಸುತ್ತಮುತ್ತ ಹರಡಿದ್ದು ಬಾಬಾಜಾನನಿಂದ. ಅವನು ಪಾಂಡವಪುರದವನು, ಏಳು ಊರ ಡೈರಿಗಳಿಂದ ಹಾಲಿನ ಕ್ಯಾನು ತುಂಬಿಕೊಂಡು ಹೋಗುವ ವ್ಯಾನಿನ ಡ್ರೈವರು. ಇವತ್ತು ಯಾರು ಕೂತಿದ್ದಾರೆ, ನಾಳೆ ಯಾರ ಸರದಿ, ಎಲ್ಲಿ ಮೀಟಿಂಗು ಎಂಬುದನ್ನು ಕ್ಯಾನಿನ ಜೊತೆಗೇ ಇಳಿಸಿ ಹೋಗುತ್ತಿದ್ದ. "ಫೋನಲ್ಲಿ ಹೇಳಿದ್ರೆ ಊರೆಲ್ಲಾ ಕೇಳ್ತದೆ ಅಕ್ಕಾ, ವ್ಯಾನಲ್ಲಿ ಹೇಳಿದ್ರೆ ಹಾಲು ಹಾಕೋರು ಮಾತ್ರ ಕೇಳ್ತಾರೆ," ಎನ್ನುತ್ತಿದ್ದ.

ಕಷ್ಟವಾದದ್ದು ಹನ್ನೊಂದು ಮನೆಗಳದು. ಆ ಮನೆಗಳ ಗಂಡಸರು ಕ್ರಷರಿನಲ್ಲೇ ಕೆಲಸಕ್ಕಿದ್ದರು. ಅವರ ಹಾಲು ತೆಗೆದುಕೊಳ್ಳಬೇಡ ಎಂದು ಹೋರಾಟ ಸಮಿತಿಯ ಹುಡುಗರು ಪಟ್ಟು ಹಿಡಿದರು. ಚಲುವಮ್ಮ ಒಪ್ಪಲಿಲ್ಲ. "ಅಸಾ ಏನ್ ಮಾಡದೆ ನಿಮ್ಗೆ?" ಎಂದಳು. ಆ ಹನ್ನೊಂದು ನಂಬರನ್ನೂ ಪಟ್ಟಿಯಿಂದ ತೆಗೆಯಲಿಲ್ಲ. ಲೋಡರ್ ಹೊನ್ನಪ್ಪನ ಸರದಿ ಬಂದ ದಿನ ಅವನು ಎಂದಿನಂತೆ ಗುಡ್ಡದ ಮೇಲೆ ಕೆಲಸಕ್ಕೆ ಹೋದ, ಅವನ ಅವ್ವ ಎಲೆಅಡಿಕೆ ಚೀಲ ಹಿಡಿದು ಬಂದು ಕೆಳಗೆ ಚಪ್ಪರದಲ್ಲಿ ಕುಳಿತಳು. ಸಂಜೆ ಅವ್ವ ಮಗ ಒಟ್ಟಿಗೇ ಮನೆಗೆ ಹೋದರು.

ಹೀಗೆ ಹದಿನಾಲ್ಕು ತಿಂಗಳು ನಡೆಯಿತು.

ಆ ಕಾರ್ತಿಕದ ಒಂದು ಮಂಗಳವಾರ ನಾಗಮಂಗಲದಲ್ಲಿ ಮೀಟಿಂಗು. ಕ್ರಷರಿನಿಂದ ತೊಂದರೆಗೊಳಗಾದ ಹದಿನೈದು ಊರಿನವರು ಸೇರುತ್ತಿದ್ದರು. ಸರದಿಯ ಪದ್ಧತಿಯನ್ನು ಚಲುವಮ್ಮನೇ ಬಂದು ಹೇಳಬೇಕೆಂದು ತಮ್ಮಯ್ಯ ಹಟ ಹಿಡಿದ. ಆದರೆ ಆ ದಿನ ಅವಳದೇ ಮನೆಯ ಸರದಿ, ನಲವತ್ತೊಂದನೇ ನಂಬರು.

"ನಾನ್ ಬರಲ್ಲ ಅಂತ ಏಳ್ಬುಡ್ಲಾ?" ಎಂದು ಗಂಡನನ್ನು ಕೇಳಿದಳು.

"ಓಗ್ಬಾ. ನೀರ್ ಬುಟ್ಬುಟ್ಟು ನಾನ್ ಕೂತ್ಕತೀನಿ," ಎಂದ ಜವರಯ್ಯ.

"ಎಮ್ಮೆ ಎಬ್ಸಕಾಗಲ್ಲ ಅಂದೆ?"

"ಎಬ್ಸಕಲ್ವಲ್ಲ, ಕೂರಕೆ ತಾನೇ?" ಎಂದು ಛತ್ರಿ ಹುಡುಕತೊಡಗಿದ.

ನಾಗಮಂಗಲದ ಆ ಸಭೆಯಲ್ಲಿ ಅವಳು ಮೈಕು ಮುಟ್ಟದೆ, ಡೈರಿ ಸಾಲಿನಲ್ಲಿ ಮಾತಾಡಿದ ಹಾಗೆ ಹತ್ತು ನಿಮಿಷ ಮಾತಾಡಿದಳು. ಕುರ್ಚಿಗೆ ವಾಪಸ್ಸು ಬಂದು ಕುಳಿತಾಗ ಫೋನು ಬಂತು. ಬಾಬಾಜಾನ್.

"ಅಕ್ಕಾ, ಬಸ್ಸಿಗೆ ಹೋಗ್ಬೇಡಿ. ಅಲ್ಲೇ ಇರಿ. ನಾನೇ ಬರ್ತಾ ಇದ್ದೀನಿ."

ಅವನು ಬಂದ. ಹಿಂದೆ ಖಾಲಿ ಕ್ಯಾನುಗಳು ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು. ತಮ್ಮಯ್ಯ ಬಾಗಿಲ ಕಡೆ, ಅವಳು ನಡುವೆ. ಅರ್ಧ ದಾರಿಗೆ ಬಂದಾಗ, "ಜೀವ್ದಿಂದ ಅವ್ರೆ ತಾನೆ?" ಎಂದಳು.

ಬಾಬಾಜಾನ್ ರಸ್ತೆ ನೋಡುತ್ತಲೇ, "ಇಲ್ಲ ಅಕ್ಕಾ," ಎಂದ.

ಆಗ ಅವಳಿಗೆ ಬಂದ ಮೊದಲ ಯೋಚನೆ, ಸಂಜೆ ಹಾಲಿಗೆ ಡೈರಿ ಬಾಗಿಲು ಯಾರು ತೆಗೆಯುತ್ತಾರೆ ಎಂಬುದು. ಬೀಗದ ಕೈ ಅವಳ ಸೊಂಟದಲ್ಲಿತ್ತು. ಅದನ್ನು ತೆಗೆದು ತಮ್ಮಯ್ಯನ ಕೈಗೆ ಕೊಟ್ಟಳು. ಅವನು ಅದನ್ನು ಜೇಬಿಗೆ ಹಾಕಿಕೊಂಡ.

ನಡೆದದ್ದು ಇಷ್ಟು. ಹಗಲು ಬರದಿದ್ದ ಟಿಪ್ಪರುಗಳಲ್ಲಿ ಅವತ್ತು ಒಂದು ಚಪ್ಪರದ ಮುಂದೆ ಬಂದು ನಿಂತಿತ್ತು. ಜನ ಏಳುವುದಿಲ್ಲ ಎಂದು ಗೊತ್ತಾದ ಮೇಲೆ ಡ್ರೈವರು ವಾಪಸ್ಸು ಹೋಗಲು ಗಾಡಿ ತಿರುಗಿಸಿಕೊಳ್ಳುತ್ತಿದ್ದ. ಬಿಸಿಲೇರಿದ್ದರಿಂದ ಜವರಯ್ಯ ಆಚೆ ಬದಿಯ ಬೇವಿನ ಮರಕ್ಕೆ ಒರಗಿಸಿದ್ದ ಛತ್ರಿ ತರಲೆಂದು ಎದ್ದು ಹೋದ. ಗಾಡಿ ಹಿಂದಕ್ಕೆ ಬರುವಾಗ ಕೂಗಬೇಕಾದ ಹಾರನ್ನು ಕೆಟ್ಟಿತ್ತು. ಯಾರೋ ಕೂಗಿಕೊಂಡರು. ಅಷ್ಟರಲ್ಲಿ ಮುಗಿದಿತ್ತು. ಡ್ರೈವರು ಇಳಿದು ನೋಡಿ, ತಲೆ ಮೇಲೆ ಕೈಹೊತ್ತು ಅಲ್ಲೇ ಕುಳಿತುಬಿಟ್ಟನಂತೆ.

ಆಸ್ಪತ್ರೆಯ ಕೆಲಸ ಮುಗಿಸಿ ಮೂರು ಗಂಟೆಗೆ ದೇಹ ಬಂತು. ಅಷ್ಟು ಹೊತ್ತಿಗೆ ಸುತ್ತ ಹತ್ತೂರಿನ ಜನ ಚಪ್ಪರದ ಬಳಿ ಸೇರಿದ್ದರು. ತಮ್ಮಯ್ಯ ಅವಳನ್ನು ಬೇವಿನ ಮರದ ಕೆಳಗೆ ಕರೆದ.

"ಕೇಳಾಕೆ ಬಾಯೇ ಬತ್ತಿಲ್ಲ ಚಲುವವ್ವ. ಇವತ್ತೇ ಮಣ್ಣು ಮಾಡ್ಬುಟ್ರೆ ನಾಳೀಕೆ ಜನ ಅವ್ರವ್ರ ಮನೇಲಿರ್ತಾರೆ, ನಾಡಿದ್ದು ಟಿಪ್ಪರ್ ಓಡಾಡ್ತವೆ. ದೊಡ್ಡ ಸಾಹೇಬ್ರು ಬಂದು ಬರ್ದು ಕೊಡೋಗಂಟ ಇಲ್ಲೇ ಮಡಗುದ್ರೆ... ಬ್ಯಾಡ ಅಂದ್ರೆ ಬ್ಯಾಡ. ಒಬ್ರೂ ತುಟಿ ಪಿಟಕ್ ಅನ್ನಲ್ಲ. ನೀ ಏಳ್ದಂಗೆ."

ಅವಳ ಮಗಳು ಧನುಶ್ರೀ ಕೆ.ಆರ್. ಪೇಟೆಯಲ್ಲಿದ್ದಳು. ಅಲ್ಲಿಯೇ ಮದುವೆಯಾಗಿ, ಒಂದು ಕಾಲೇಜಿನ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದಳು. ಆಗಷ್ಟೇ ಬಂದು ಇಳಿದವಳು ಅಳುತ್ತಳುತ್ತಲೇ ಮಾತು ಕೇಳಿಸಿಕೊಂಡಳು. "ಅಪ್ಪನ್ನ ಬ್ಯಾನರ್ ಮಾಡ್ಬೇಡಿ ದೊಡ್ಡಪ್ಪ," ಎಂದಳು. "ಅವ್ವ, ಬ್ಯಾಡ ಅನ್ನು. ಅನ್ನವ್ವ."

ಚಲುವಮ್ಮ ಮಗಳನ್ನು ನೋಡಿದಳು, ತಮ್ಮಯ್ಯನನ್ನು ನೋಡಿದಳು. ಅವರಿಬ್ಬರೂ ಎಲ್ಲೋ ದೂರದ ದಿಬ್ಬದ ಮೇಲೆ ನಿಂತವರ ಹಾಗಿದ್ದರು. "ಇರ್ಲಿ ಬುಡಿ," ಎಂದಳು.

ಎಷ್ಟು ಯೋಚಿಸಿದರೂ, ತಾನು ಯೋಚನೆ ಮಾಡಿ ಅದನ್ನು ಹೇಳಿದೆನೋ, ಬಾಯಿಗೆ ಬಂದದ್ದನ್ನು ಹೇಳಿದೆನೋ ಎಂಬುದು ಅವಳಿಗೆ ಇವತ್ತಿಗೂ ಗೊತ್ತಾಗಿಲ್ಲ.

ಪಾಂಡವಪುರದಿಂದ ಗಾಜಿನ ಫ್ರೀಜರ್ ಪೆಟ್ಟಿಗೆ ತರಿಸಿದರು. ಮೇನ್ ರೋಡಿಗೆ ಅಡ್ಡಲಾಗಿ ಅದನ್ನಿಟ್ಟು ಸುತ್ತ ಕುಳಿತರು. ಶ್ರೀರಂಗಪಟ್ಟಣ, ಅರಕೆರೆ ಕಡೆಯಿಂದ ಟ್ರಾಕ್ಟರಿನಲ್ಲಿ ಜನ ಬಂದರು. ಟಿವಿಯವರು ಬಂದರು. ಘೋಷಣೆ ಎದ್ದಾಗೆಲ್ಲ ಮಗಳು ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಚಲುವಮ್ಮನಿಗೆ ಆ ಸದ್ದು ಗೋಡೆಯಾಚೆ ಯಾರೋ ಜೋಳ ಬಡಿದಂತೆ ಕೇಳುತ್ತಿತ್ತು. ಗಾಜಿನ ಮೇಲೆ ಮಂಜು ಕಟ್ಟಿ ನೀರಾಗಿ ಇಳಿಯುತ್ತಿತ್ತು. ಅವಳು ಸೆರಗಿನಲ್ಲಿ ಒರೆಸುವಳು, ಸ್ವಲ್ಪ ಹೊತ್ತಿಗೆ ಮತ್ತೆ ಮಂಜು ಕಟ್ಟುವುದು, ಮತ್ತೆ ಒರೆಸುವಳು. ಇಪ್ಪತ್ತೆರಡು ಗಂಟೆ ಅವಳು ಮಾಡಿದ್ದು ಅದೊಂದೇ ಕೆಲಸ.

ಮರುದಿನ ಮಧ್ಯಾಹ್ನ ದೊಡ್ಡ ಅಧಿಕಾರಿ ಬಂದರು. ತನಿಖೆ ಮುಗಿಯುವವರೆಗೆ ಗುಡ್ಡದ ಕೆಲಸವೆಲ್ಲ ನಿಲ್ಲಬೇಕೆಂದು ಅಲ್ಲೇ ಬರೆದು ಸಹಿ ಹಾಕಿದರು. ಜನ ಜೈಕಾರ ಹಾಕಿದರು. ಮೂರು ಗಂಟೆಗೆ ಜವರಯ್ಯನನ್ನು ಅವನ ರಾಗಿ ಹೊಲದ ಬದಿಯಲ್ಲಿ ಮಣ್ಣು ಮಾಡಿದರು. ತಿಥಿ ಮುಗಿದದ್ದೇ ಧನುಶ್ರೀ ಹೊರಟುಹೋದಳು. ಹೊರಡುವಾಗ, "ಗುಡ್ಡ ಉಳೀತಲ್ಲ, ಇರು," ಎಂದಳು.

ಮಾರನೆಯ ಬೆಳಿಗ್ಗೆ ಚಲುವಮ್ಮ ಡೈರಿಗೆ ಹೋದಳು. ಸಾಲಿನಲ್ಲಿದ್ದವರು ಸರಿದು ದಾರಿ ಬಿಟ್ಟರು. ಅವಳು ಸ್ಯಾಂಪಲ್ ತೆಗೆದಳು, ಬರೆದಳು. ಕೈ ತಪ್ಪಲಿಲ್ಲ. ಕೆಲವು ದಿನಗಳಾದ ಮೇಲೆ ಒಂದು ಕ್ಯಾನು ಹಾಲು ಪೂರ್ತಿ ಒಡೆದು ವಾಪಸ್ಸು ಬಂತು. ಹುಳಿಹಾಲು ಅವಳ ಮೂಗಿನ ಕೆಳಗೇ ಹಾದುಹೋಗಿತ್ತು. ಅವಳಿಗೆ ವಾಸನೆಯೇ ಹತ್ತುತ್ತಿರಲಿಲ್ಲ, ಹಾಲಿನದಾಗಲಿ, ಸಾರಿನದಾಗಲಿ, ಮೊದಲ ಮಳೆಯ ಮಣ್ಣಿನದಾಗಲಿ. ಡಾಕ್ಟರು ನೆಗಡಿಯ ಮಾತ್ರೆ ಕೊಟ್ಟರು. ಅಂದಿನಿಂದ ಮಿಷನ್ನು ಹೇಳಿದ್ದನ್ನೇ ನಂಬಿ ಬರೆಯತೊಡಗಿದಳು.

ಐದು ತಿಂಗಳಿಗೆ ಲೈಸೆನ್ಸು ರದ್ದಾಯಿತು. ಪಾಂಡವಪುರದಲ್ಲಿ ಸಭೆ ಮಾಡಿ ಅವಳಿಗೆ ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ತಮ್ಮಯ್ಯ ಮೈಕಿನಲ್ಲಿ, "ಜವರಯ್ಯನ ಬಲಿದಾನ" ಎಂದ. ಬಲಿದಾನವೇನೂ ಅಲ್ಲ, ಛತ್ರಿ ತರಲು ಎದ್ದಿದ್ದು ಎಂದು ಅವಳಿಗನ್ನಿಸಿತು. ಆದರೆ ತಮ್ಮಯ್ಯನ ಕಣ್ಣಲ್ಲಿ ನಿಜವಾಗಿ ನೀರಿತ್ತು, ಅವಳು ಸುಮ್ಮನಿದ್ದಳು. ಬಾಬಾಜಾನ್ ವ್ಯಾನಿನಲ್ಲಿ ಊರಿಗೆ ಬಿಟ್ಟ. ದಾರಿಯಲ್ಲಿ, "ಅಕ್ಕಾ, ಒಂದ್ಸಲ ಅತ್ತುಬಿಡಿ. ನಮ್ಮ ಶಮೀಮ್ ಕೂಡ ಅದೇ ಹೇಳ್ತಾಳೆ," ಎಂದ. ಶಮೀಮ್ ಅವನ ಹೆಂಡತಿ.

"ಬಂದ್ರೆ ಅಳ್ತೀನಿ ಕನಪ್ಪ," ಎಂದಳು.

ವರ್ಷದ ಎಡೆ ಇಡುವ ದಿನ ಧನುಶ್ರೀ ಬಂದಳು. ತಾಯಿ ಮಗಳು ಒಟ್ಟಿಗೆ ಮುದ್ದೆ ತಿರುವಿದರು, ಮಾಂಸದ ಸಾರು ಮಾಡಿದರು. ಬಂದ ನೆಂಟರೆಲ್ಲ ಉಂಡು ಹೋದ ಮೇಲೆ ಧನುಶ್ರೀ ಪಾತ್ರೆ ಉಜ್ಜುತ್ತಾ ಕೇಳಿದಳು.

"ಅವತ್ತು ಯಾಕವ್ವ ಊ ಅಂದೆ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ಇಪ್ಪತ್ತೆರಡು ಗಂಟೆ ಪಕ್ಕದಲ್ಲೇ ಕೂತಿದ್ದೆ. ಆಗ್ಲೂ ಗೊತ್ತಾಗ್ಲಿಲ್ಲ. ಬ್ಯಾಡ ಅಂದಿದ್ರೆ ಗುಡ್ಡ ಓಗದು. ಊ ಅಂದಿದ್ಕೆ ನೀ ಓದೆ. ಯಾವ್ದು ಸರಿ ಅಂತ ನಿಮ್ಮಪ್ಪನ್ನೇ ಕೇಳ್ಬೇಕಾಗಿತ್ತು."

ಧನುಶ್ರೀ ಉಜ್ಜುವುದನ್ನು ನಿಲ್ಲಿಸಿದಳು. "ಸಾರಿಗೆ ಉಪ್ಪು ಜಾಸ್ತಿ ಆಗಿತ್ತು ಕನವ್ವ, ನಿಂಗೆ ತಿಳೀಲಿಲ್ವಾ?" ಎಂದು ಮೆಲ್ಲಗೆ ಕೇಳಿದಳು. ಅವತ್ತು ಹೋಗಬೇಕೆಂದಿದ್ದವಳು ಎರಡು ದಿನ ಉಳಿದಳು. ಆಮೇಲೆ ಭಾನುವಾರ ಭಾನುವಾರ ಫೋನು ಮಾಡುತ್ತಾಳೆ. ಮಾತು ಜಾಸ್ತಿ ಇರುವುದಿಲ್ಲ, ಉಂಡ್ಯಾ, ಮಲಗಿದ್ಯಾ, ಅಷ್ಟೇ.

ನರಿಕಲ್ಲು ಗುಡ್ಡದಿಂದ ಬಿಚ್ಚಿದ ಕ್ರಷರ್ ಮಿಷನ್ನು ನಾಗಮಂಗಲ ತಾಲ್ಲೂಕಿನ ಕಂಚಿನಕಟ್ಟೆ ಎಂಬ ಊರ ಪಕ್ಕದ ಬೋರೆ ದಿಣ್ಣೆಯ ಮೇಲೆ ಹೋಗಿ ಕುಳಿತಿತು. ಹೊನ್ನಪ್ಪನೂ ಅಲ್ಲಿಗೇ ಕೆಲಸಕ್ಕೆ ಹೋದ. ಸಂಕ್ರಾಂತಿ ಕಳೆದ ಮೇಲೆ ಆ ಊರಿನ ಮೇಘನ ಎಂಬ ಹೆಣ್ಣುಮಗಳು ಫೋನು ಮಾಡಿ, ಒಂದು ಸಲ ಬಂದು ಹೇಳಿಕೊಡಿ ಎಂದಳು. ಚಲುವಮ್ಮ ಬೆಳಿಗ್ಗೆಯ ಹಾಲು ಮುಗಿಸಿ ಬಸ್ಸು ಹತ್ತಿದಳು.

ಅರಳಿಕಟ್ಟೆಯ ಹತ್ತಿರ ಇಪ್ಪತ್ತು ಮೂವತ್ತು ಜನ ಸೇರಿದ್ದರು. ಮೇಘನ ನೋಟ್‌ಬುಕ್ ಹಿಡಿದು ಕುಳಿತಿದ್ದಳು.

"ಊರಲ್ಲಿ ದಿನಾ ಎಲ್ಲಾರೂ ಬರೋ ಜಾಗ ಯಾವ್ದವ್ವ?" ಎಂದು ಚಲುವಮ್ಮ ಕೇಳಿದಳು.

"ನಿಮ್ಮಂಗೆ ನಮ್ಗೆ ಡೈರಿ ಇಲ್ಲ ಅಕ್ಕ. ಮೂರ್ ಮನೇಲಿ ಅಷ್ಟೇ ಅಸ ಇರದು."

"ಡೈರಿನೇ ಆಗ್ಬೇಕು ಅಂತ ಏನಿಲ್ಲ. ಕುಡಿಯೋ ನೀರ್ ಎಲ್ಲಿ ಇಡ್ಕತೀರ?"

"ಫಿಲ್ಟರ್ ಮನೇಲಿ. ಕಾರ್ಡ್ ತೋರ್ಸಿ ಇಡ್ಕತೀವಿ."

"ಆ ಕಾರ್ಡಲ್ಲಿ ನಂಬರ್ ಅದಲ್ಲ, ಅದೇ ನಿಮ್ ಪಟ್ಟಿ."

ಮೇಘನ ಬರೆದುಕೊಂಡಳು. ಹಿಂದೆ ನಿಂತಿದ್ದ ಒಬ್ಬ ಹಿರಿಯ, "ನಿಮ್ಮೂರಲ್ಲಿ ಆರ್ ಜನ ಕೂತಿದ್ಕೇ ಕ್ರಷರ್ ನಿಲ್ತಾ ಅವ್ವ?" ಎಂದ.

ಜನ ಅವನನ್ನು ಗದರಿಸಲು ಹೊರಟರು. ಚಲುವಮ್ಮ ಕೈಯೆತ್ತಿ ತಡೆದಳು.

"ಸರಿಯಾಗೇ ಕೇಳುದ್ರಿ. ಹದಿನಾಲ್ಕು ತಿಂಗ್ಳು ಕೂತಿದ್ಕೆ ಹಗಲೊತ್ತು ಟಿಪ್ಪರ್ ನಿಂತ್ವು. ಪೂರ್ತಿ ನಿಂತಿದ್ದು ನನ್ ಗಂಡನ ಎಣ ರೋಡಲ್ಲಿ ಮಡಗಿದ್ಕೆ. ಅದನ್ನ ಬರ್ಕೋಬೇಡ ಕನವ್ವ," ಎಂದು ಮೇಘನಳ ಕಡೆ ತಿರುಗಿದಳು. "ಯಾವೂರ್ನೋರಾದ್ರೂ ಎಂಗ್ ಗೆದ್ರಿ ಅಂದ್ರೆ ಅದೇ ಏಳ್ತಾರೆ ಈಗ. ಅದು ಉಪಾಯ ಅಲ್ಲ. ನೀವು ಚಪ್ಪರಾನ ರೋಡಿಂದ ಅತ್ತು ಮಾರು ಹಿಂದಕ್ಕೆ ಆಕಿ. ಗಾಡಿ ತಿರುಗ್ಸೋವಾಗ ಒಬ್ರು ನಿಂತ್ಕಂಡು ಸೀಟಿ ಊದ್ಬೇಕು. ನಾವು ಅದನ್ನ ಯೋಚ್ನೆ ಮಾಡ್ಲಿಲ್ಲ. ಇದನ್ನ ಬರ್ಕೋ."

ಮೇಘನ ತಲೆ ತಗ್ಗಿಸಿ ಬರೆದಳು: ಚಪ್ಪರ ಹತ್ತು ಮಾರು ಹಿಂದೆ. ಸೀಟಿ.

"ಮೊದಲ್ನೇ ದಿನಕ್ಕೆ ಯಾರ್ಯಾರು ಕೂರ್ತೀರಿ?" ಎಂದು ಮೇಘನ ಕೇಳಿದಾಗ ಹತ್ತಾರು ಕೈ ಮೇಲೆದ್ದವು. ಆರು ಹೆಸರು ಬರೆಯಲು ಹೊರಟವಳ ಪೆನ್ನನ್ನು ಚಲುವಮ್ಮ ಹಿಡಿದು ನಿಲ್ಲಿಸಿದಳು.

"ಕೈ ಎತ್ತಿದೋರು ಎಂಗಿದ್ರೂ ಬತ್ತಾರೆ. ಎತ್ತದೇ ಇದ್ದಾರಲ್ಲ, ಅವ್ರ ಮನೆಗೋಗಿ ಕೂತ್ಕಂಡು ಒಂದ್ ಲೋಟ ನೀರ್ ಕುಡ್ದು ಕೇಳು. ಮೊದ್ಲ ದಿನ ಅವ್ರು ಬರ್ಲಿ."

ಮೇಘನ ಹೊಸ ಹಾಳೆ ತಿರುವಿದಳು. ಯಾರೋ ಬಾಳೆಹಣ್ಣು ತಂದುಕೊಟ್ಟರು, ಚಲುವಮ್ಮ ಅರ್ಧ ತಿಂದಳು. ಸಂಜೆಯ ಹಾಲಿಗೆ ಹೊತ್ತಾಗುತ್ತಿತ್ತು. ಮೂರೂವರೆಯ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿಕೊಂಡು, ಆ ಕಡೆಗೆ ನಡೆದಳು.